ಬಿದಿರಿನ ನೆಲಕ್ಕೆ ಮುದ್ದಮ್ಮನ ಒಪ್ಪಿಗೆ

ಜಾವಳಿಯ ಕಾಫಿ ಕಣದಲ್ಲಿ ಇನ್ನೂ ಬೆಳಕು ಸರಿಯಾಗಿ ಮೂಡಿಲ್ಲ. ಮುದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನ ಬಾನಿಯಿಂದ ಬಿದಿರಿನ ಹಲಗೆಯೊಂದನ್ನು ಎತ್ತುತ್ತಾರೆ. ಪರೀಕ್ಷೆಗೆಂದು ನಿನ್ನೆ ಸಂಜೆ ಮುಳುಗಿಸಿಟ್ಟದ್ದು. ಅಂಚಿಗೆ ಹೆಬ್ಬೆರಳು ಓಡಿಸುತ್ತಾರೆ. ಅಂಟು ಬಿಟ್ಟು ಪದರಗಳು ಬಾಯಿ ತೆರೆದಿವೆ. ಎರಡನೆಯದೂ ಹಾಗೆಯೇ. ಮೂರನೆಯದನ್ನು ಮಗುಚಿ ಉಗುರಿನಿಂದ ಒತ್ತಿದರೆ ಗೆರೆ ಬೀಳುತ್ತದೆ.

“ಎಳೇ ಬಿದಿರು. ಒಂದು ಮಳೆಗಾಲ ಕಂಡಿದ್ರೆ ಹೆಚ್ಚು.” ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ತಿಂಗಳೊಳಗೆ ಬಾಣಂತನಕ್ಕೆ ಬರುವ ಮಗಳ ಕೋಣೆಗೆ ತೋಟದ ಯಜಮಾನ ಚಂದ್ರಶೇಖರಪ್ಪ ತರಿಸಿದ ಹಲಗೆಗಳಿವು. ಮುದ್ದಮ್ಮ ಒಪ್ಪಿದರೆ ಹಾಸುವ ಕೆಲಸವೂ ಅವರದೇ, ಇಪ್ಪತ್ತು ದಿನ. ಮಳೆ ಹಿಡಿದರೆ ಮತ್ತೆ ನಾಲ್ಕು ತಿಂಗಳು ಯಾರೂ ಕರೆಯುವುದಿಲ್ಲ.

ಮನೆಗೆ ಬಿದಿರಿನ ನೆಲ ಹಾಸುವ ಷೋಕಿ ಈ ಕಡೆಗೆ ಬಂದು ನಾಲ್ಕು ವರ್ಷ. ಮುದ್ದಮ್ಮ ಬಿದಿರು ಮುಟ್ಟಿ ಮೂವತ್ತೆಂಟು. ಅಪ್ಪನ ಹಿಂದೆ ಮೆಳೆ ಮೆಳೆ ಅಲೆದು ಕಲಿತದ್ದು. ಅಟ್ಟಕ್ಕೆ ಗಳ ಆರಿಸುವಾಗ ದಿನಕ್ಕೆ ಮುನ್ನೂರು ಗಳಕ್ಕೆ ಕತ್ತಿಯ ಬೆನ್ನಿನಿಂದ ಬಡಿದು ಸದ್ದು ಕೇಳುತ್ತಾರೆ. ನೂರರಲ್ಲಿ ಅರವತ್ತು ಪಕ್ಕಕ್ಕೆ ಬೀಳುತ್ತವೆ. ಕಡಿದು ಹೊತ್ತು ತಂದವರಿಗೆ ಉರಿ ಹತ್ತುತ್ತದೆ. ಮಧ್ಯಾಹ್ನ ಅವರೆಲ್ಲ ಒಂದು ಮರದಡಿ ಬುತ್ತಿ ಬಿಚ್ಚಿದರೆ, ಇವರದು ಇನ್ನೊಂದು ಮರ.

“ಬೇಡ ಅನ್ನೋಳ ಪಕ್ಕ ಯಾರು ಕೂರ್ತಾರೆ ಹೇಳಿ?” ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಒಮ್ಮೆ ಮಾತ್ರ ಬೇಡ ಅನ್ನಲಿಲ್ಲ. ತೊಂಬತ್ನಾಲ್ಕರಲ್ಲಿ, ಸಂಸೆಯ ಸರೋಜಮ್ಮನವರ ಮನೆಗೆ. ಅಮಾವಾಸ್ಯೆ ಹತ್ತಿರ ಮಾಡಿಕೊಂಡು ಕಡಿಯಬೇಕಾದ ಬಿದಿರನ್ನು, ಗೃಹಪ್ರವೇಶದ ಅವಸರಕ್ಕೆ ಹುಣ್ಣಿಮೆ ಎದುರಿಗೇ ಕಡಿದು ತಂದಿದ್ದರು. ಮುದ್ದಮ್ಮ ಗೊತ್ತಿದ್ದೂ ಒಪ್ಪಿದರು. ಎರಡನೇ ಮಳೆಗಾಲದಲ್ಲಿ ಹುಳ ಹಿಡಿದ ಅಟ್ಟ ಕುಸಿದು ಸರೋಜಮ್ಮನ ಕಾಲು ಮುರಿಯಿತು.

“ನೋಡೋಕೆ ಹೋದ್ರೆ ಬೈಲಿಲ್ಲ ಅವ್ರು. ಕಾಫಿ ಕೊಟ್ರು. ಬೈದಿದ್ರೆ ಚೆನ್ನಾಗಿತ್ತು.”

ಎಂಟು ಗಂಟೆಗೆ ಜೀಪು ಬರುತ್ತದೆ. ಚಂದ್ರಶೇಖರಪ್ಪನವರ ಜೊತೆ ಇಳಿದವನು ಹಲಗೆ ಮಾರಿದ ದಿಲೀಪ್. ಬಾನಿ ನೋಡಿದವನೇ ಕೇಳುತ್ತಾನೆ, “ಏನ್ ಮಾರಾಯ್ತಿ, ಇದು ಮನೆಗೆ ಹಾಸೋದಾ, ಕೆರೆಗಾ?”

“ಜೂನಲ್ಲಿ ಬಂದು ಇಲ್ಲೊಂದು ವಾರ ಇರಿ. ಎರಡಕ್ಕೂ ವ್ಯತ್ಯಾಸ ಇದ್ರೆ ಹೇಳಿ.”

ಚಂದ್ರಶೇಖರಪ್ಪ ಬಿರಿದ ಅಂಚನ್ನು ಮುಟ್ಟಿ ನೋಡುತ್ತಾರೆ. “ಒಳ್ಳೇದು ಬೇರೆ ತರಿಸಿದ್ರೆ ಮಗಳು ಬರೋದ್ರೊಳಗೆ ಆಗುತ್ತಾ ಮುದ್ದಮ್ಮ?”

ಹೂಂ ಎಂದರೆ ಇಪ್ಪತ್ತು ದಿನದ ಕೆಲಸ ಉಳಿಯುತ್ತದೆ. ಮುದ್ದಮ್ಮ ಕಣದ ಆಚೆ ನೋಡುತ್ತಾರೆ. “ಆಗಲ್ಲ ಅಯ್ಯಾ. ಹಲಗೆ ಬಂದ್ಮೇಲೂ ಹದಿನೈದು ದಿನ ಆ ಕೋಣೇಲೇ ಬಿಡ್ಬೇಕು, ಇಲ್ಲಿನ ಗಾಳಿಗೆ ಹೊಂದ್ಕೋಬೇಕು. ಅವಸರಕ್ಕೆ ನಾನು ಹಾಸಲ್ಲ.”

ಹಲಗೆಗಳು ವಾಪಸು ಜೀಪು ಏರುತ್ತವೆ. ಕೋಣೆಗೆ ಸಿಮೆಂಟೇ ಆಗಲಿ ಎಂದು ಚಂದ್ರಶೇಖರಪ್ಪ ಗಾರೆಯವನಿಗೆ ಹೇಳಿ ಕಳಿಸುತ್ತಾರೆ. ಮುದ್ದಮ್ಮ ಕತ್ತಿಯನ್ನು ಗೋಣಿಯಲ್ಲಿ ಸುತ್ತಿ, ಕೊಟ್ಟಿಗೆಹಾರದ ಬಸ್ಸಿಗೆಂದು ರಸ್ತೆಗೆ ಬರುತ್ತಾರೆ. ಕೆಲಸ ಹೋದದ್ದಕ್ಕೆ ಬೇಜಾರಿಲ್ಲವೇ ಎಂದು ನಾನು ಕೇಳಿದರೆ ಗೋಣಿಯನ್ನು ಇನ್ನೊಂದು ಕಂಕುಳಿಗೆ ಬದಲಿಸುತ್ತಾರೆ.

“ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಆ ಕೂಸು ಅಂಬೆಗಾಲಿಟ್ಟಾಗ ಮಂಡಿಗೆ ಸಿಬಿರು ಚುಚ್ಚಲ್ಲ ನೋಡಿ. ಅಷ್ಟು ಕೆಲಸ ನಾನು ಮಾಡೇ ಹೊರಟೆ.”