ಕೊನೆಗೆ ಇಡುವ ಕಣ್ಣು

ಕೆಳಗಿನ ಮನೆಯ ಅಜ್ಜನ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಒಂದು ಗೆರೆ ನೀಲಿ ಬಣ್ಣ ಇರುತ್ತಿತ್ತು. ಅವರು ಬಾಗಿಲು ತೆರೆದರೆ ಸಾಕು, ಎಣ್ಣೆಬಣ್ಣದ ವಾಸನೆ ಅಮೆರಿಕದ ರೆಂಟನ್‌ನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ನನ್ನ ಒಗ್ಗರಣೆಯೊಡನೆ ಜಗಳಕ್ಕೆ ನಿಲ್ಲುತ್ತಿತ್ತು. ಚೀನಾದಿಂದ ಒಬ್ಬರೇ ಬಂದವರು. ಪಕ್ಕದೂರು ಕೆಂಟ್‌ನ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ನಿವೃತ್ತರಾದ ಮೇಲೆ, ತೀರಿಹೋದವರ ಫೋಟೋ ನೋಡಿ ಭಾವಚಿತ್ರ ಬರೆದುಕೊಡುತ್ತಿದ್ದರು. ಮುಖವೆಲ್ಲ ಮುಗಿದ ಮೇಲೆ, ಕೊನೆಗೆ ಕಣ್ಣು.

"ಕಣ್ಣು ಇಟ್ಟಮೇಲೆ ಅವರು ನಮ್ಮನ್ನ ನೋಡ್ತಾರೆ. ಅಷ್ಟರೊಳಗೆ ತಪ್ಪೆಲ್ಲ ತಿದ್ದಿರಬೇಕು" ಎನ್ನುತ್ತಿದ್ದರು. ನಮ್ಮಿಬ್ಬರದೂ ಹರಕುಮುರುಕು ಇಂಗ್ಲಿಷ್. ನನಗದು ಕನ್ನಡದಲ್ಲೇ ನೆನಪಿದೆ.

ಅಮ್ಮ ಹೋದಾಗ ಅವಳದೊಂದು ಹಳೆಯ, ಕಲೆ ಬಿದ್ದ ಫೋಟೋ ಕೊಟ್ಟೆ. ಎರಡು ವಾರಕ್ಕೆ ಚಿತ್ರ ತಂದರು. ಮೂಗುತಿ, ಸೆರಗು, ನಗು, ಎಲ್ಲ ಅಮ್ಮನೇ. ನಮ್ಮ ಜೊತೆಗಿದ್ದ ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

"ಹಣೆ ಯಾಕಮ್ಮ ಬೋಳು? ನಾನಿನ್ನೂ ಬದುಕಿದೀನಲ್ಲ."

ಫೋಟೋದ ಕಲೆಗಳ ಜೊತೆಗೆ ಕುಂಕುಮವನ್ನೂ ಕಲೆಯೆಂದೇ ತಿಳಿದು ಅಜ್ಜ ಬಿಟ್ಟುಬಿಟ್ಟಿದ್ದರು. ವಿಷಯ ಹೇಳಿದಾಗ ಅವರ ಮುಖ ಚಿಕ್ಕದಾಯಿತು. ಅಮ್ಮನ ಚಿತ್ರದ ಮುಂದೆ ತಲೆ ಬಾಗಿಸಿ ನಿಂತರು. ಆಮೇಲೆ ಚಿತ್ರದೊಡನೆ ನನ್ನನ್ನು ಕೆಳಗೆ ಕರೆದೊಯ್ದು ಕೆಂಪು ಬಣ್ಣ ಕಲಸಿದರು. ಕುಂಚ ಮಾತ್ರ ಎತ್ತಲಿಲ್ಲ. "ನೀನೇ ಇಡು. ಇದು ಮನೆಯವರು ಇಡೋದು." ಉಂಗುರದ ಬೆರಳಿನಿಂದ ಇಟ್ಟೆ. ಸ್ವಲ್ಪ ಓರೆಯಾಯಿತು. ಅಮ್ಮನದೂ ದಿನಾ ಓರೆಯೇ.

ಅಂದೇ ಅವರ ಹೆಂಡತಿಯ ಚಿತ್ರ ಕಂಡದ್ದು. ಎರಡು ಜಡೆ, ಹತ್ತಿಯ ಅಂಗಿ. ಕಣ್ಣಿರಬೇಕಾದ ಕಡೆ ಬರೀ ಮೈಬಣ್ಣ. ಆಕೆ ಊರಲ್ಲಿ ಸಾಯುವಾಗ ಇವರ ವೀಸಾ ಕಾಗದಪತ್ರ ಸರಿಯಾಗಿರಲಿಲ್ಲ, ಹೋಗಲಾಗಲಿಲ್ಲ. "ಕಣ್ಣಿಟ್ಟರೆ, ಯಾಕೆ ಬರಲಿಲ್ಲ ಅಂತ ಕೇಳ್ತಾಳೆ" ಎಂದರು.

ಹೋದ ಚಳಿಗಾಲದಲ್ಲಿ ಅವರ ಕೈ ನಡುಗತೊಡಗಿತು. ಒಂದು ಮಧ್ಯಾಹ್ನ ಅನ್ನ ಸಾರು ಕೊಡಲು ಹೋದಾಗ ಆ ಚಿತ್ರ ಮೇಜಿನ ಮೇಲಿತ್ತು, ಪಕ್ಕದಲ್ಲಿ ಕಲಸಿದ ಕಪ್ಪು ಬಣ್ಣ.

"ಈಗ ಅವಳು ಕೇಳಲಿ. ನನ್ನ ಕೈಲಾಗಲ್ಲ, ನೀನು ಇಡು. ಎರಡು ಚುಕ್ಕೆ ಸಾಕು."

ನನ್ನನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಾರೆ. ಅಂದು ಕಾಲಿಗೆ ಬುದ್ಧಿ ಹೇಳಿದೆ. ಅವರು ಇಷ್ಟು ವರ್ಷ ಕಾದಿಟ್ಟ ಮುಖವನ್ನು ನಾನು ಕೆಡಿಸಿಬಿಟ್ಟರೆ? "ಮೀಟಿಂಗ್ ಇದೆ ಅಜ್ಜ, ನಾಳೆ ಬರ್ತೀನಿ" ಎಂದೆ. ಮೀಟಿಂಗ್ ಇರಲಿಲ್ಲ. ಒಣಗದಿರಲಿ ಎಂದು ಅವರು ಬಣ್ಣದ ಮೇಲೊಂದು ಬಟ್ಟಲು ಮುಚ್ಚಿಟ್ಟರು.

ಎರಡು ದಿನ ನಾನು ಕೆಳಗಿಳಿಯಲಿಲ್ಲ. ಮೂರನೆಯ ದಿನ ಆಂಬುಲೆನ್ಸ್ ಬಂದು, ಅವಸರವಿಲ್ಲದೆ ಹೊರಟುಹೋಯಿತು.

ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ನನ್ನನ್ನು ಕರೆದು, ಬೇಕಾದರೆ ಚಿತ್ರ ತೆಗೆದುಕೋ ಎಂದಳು. ಮೇಜಿನ ಮೇಲೆ ಕಣ್ಣಿಲ್ಲದ ಆ ಚಿತ್ರ; ಪಕ್ಕದಲ್ಲಿ ಬಟ್ಟಲು ಮುಚ್ಚಿದಂತೆಯೇ ಇತ್ತು. ಎತ್ತಿ ಬೆರಳಿಟ್ಟು ನೋಡಿದೆ. ಬಣ್ಣ ಇನ್ನೂ ಹಸಿಯಾಗಿತ್ತು.