ನಾಲ್ಕು ನಿಮಿಷದ ಹರಕೆ

ಇಸೌರೊ ಬೊಹೋರ್ಕೆಸ್ ಹುಟ್ಟಿದ್ದು ಬೇಲಿಯ ಆ ಕಡೆಯ ನೊಗಾಲೆಸ್‌ನ ಆಸ್ಪತ್ರೆಯಲ್ಲಿ. ಬೆಳೆದದ್ದು ಈ ಕಡೆಯ ನೊಗಾಲೆಸ್‌ನ ಟೈರ್ ಅಂಗಡಿಯ ಹಿತ್ತಲಲ್ಲಿ. ಆ ಕಡೆ ಅಮೆರಿಕದ ಅರಿಜೋನಾ, ಈ ಕಡೆ ಮೆಕ್ಸಿಕೊದ ಸೊನೋರಾ. ತಾಯಿ ಲೊರೆನಾ ಆ ಕಡೆಯವಳು, ಟೊಮ್ಯಾಟೊ ಗೋದಾಮಿನಲ್ಲಿ ಮೇಲ್ವಿಚಾರಕಿ. ತಂದೆ ರೆಫೂಹಿಯೊ ಈ ಕಡೆಯವನು, ಟೈರಿಗೆ ತೇಪೆ ಹಾಕುವವನು. ಮಗುವಿಗೆ ಹಲ್ಲು ಬರುವ ಮೊದಲೇ ಎರಡು ಪಾಸ್‌ಪೋರ್ಟ್ ಬಂದಿದ್ದವು. ಹುಡುಗ ಪುಣ್ಯವಂತ, ಎರಡು ದೇಶಕ್ಕೂ ಬೇಕಾದವನು ಎಂದು ನೆಂಟರೆಲ್ಲ ಹೇಳಿದರು. ಊರೆಲ್ಲ ನೆಂಟರು, ಉಣಬಡಿಸುವವರು ಯಾರೂ ಇಲ್ಲ ಎಂಬ ಗಾದೆ ಅವರಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಹದಿನೇಳನೇ ವಯಸ್ಸಿಗೆ ಇಸೌರೊನನ್ನು ಒಂದು ಫುಟ್‌ಬಾಲ್ ಕ್ಲಬ್ಬಿನವರು ಎಡಬದಿ ಕಾಯುವ ಆಟಗಾರನಾಗಿ ಸೇರಿಸಿಕೊಂಡರು. ಆ ಭಾನುವಾರ ಹಿತ್ತಲಲ್ಲಿ ಬೀದಿಗೆ ಬೀದಿಯೇ ಸೇರಿ ಮಾಂಸ ಸುಟ್ಟಿತು. ರೈಲ್ವೆಯಲ್ಲಿ ಹಳಿ ಕಾಯ್ದು ನಿವೃತ್ತನಾಗಿದ್ದ ಅಜ್ಜ ಎಉಸೇಬಿಯೊ ಮೂರನೆಯ ಲೋಟ ಬಕನೋರಾ ಸಾರಾಯಿ ಏರಿಸಿ ಎದ್ದು ನಿಂತ. ಅವನನ್ನು ಮನೆಯವರು ಮಾತ್ರವಲ್ಲ, ಬೀದಿಯ ನಾಯಿಗಳ ಹೊರತು ಎಲ್ಲರೂ ತಾತ ಎಂದೇ ಕರೆಯುತ್ತಿದ್ದರು.

"ಕೇಳ್ರೋ ಎಲ್ರೂ! ನನ್ನ ಮೊಮ್ಮಗ ದೇಶದ ಅಂಗಿ ಹಾಕ್ಕೊಂಡು ಆಡ್ಲಿ. ಆಡಿದ ವರ್ಷ ನಾನು ಮಗ್ದಲೇನಾವರೆಗೂ ನಡ್ಕೊಂಡ್ ಹೋಗಿ ಸಂತನ ತಲೆ ಎತ್ತುತೀನಿ. ಇದು ಹರಕೆ!"

ಯಾವ ದೇಶ ಎಂದು ತಾತ ಹೇಳಲಿಲ್ಲ. ಅವನ ಮಟ್ಟಿಗೆ ದೇಶ ಎಂಬುದು ಒಂದೇ ಇತ್ತು. ಆ ಕಡೆ ಇರುವುದು ಸೊಸೆಯ ತವರು, ಅಷ್ಟೆ.

ಮಗ್ದಲೇನಾದ ಗುಡಿಯಲ್ಲಿ ಸಂತ ಫ್ರಾನ್ಸಿಸ್ ಅಂಗಾತ ಮಲಗಿದ್ದಾನೆ, ಮರದ ಮೂರ್ತಿ. ಹರಕೆ ತೀರಿಸಲು ಹೋದವರು ಅವನ ಕತ್ತಿನ ಕೆಳಗೆ ಕೈ ಕೊಟ್ಟು ತಲೆಯನ್ನು ಎತ್ತಬೇಕು. ಮನಸ್ಸು ಚೊಕ್ಕವಿದ್ದವರಿಗೆ ಹೂವಿನಂತೆ ಏಳುತ್ತದೆ. ಒಳಗೆ ಕಳ್ಳತನ ಇಟ್ಟುಕೊಂಡವರಿಗೆ ಅಲುಗಾಡುವುದಿಲ್ಲ. ಗೂಳಿಯನ್ನು ಕೊಂಬು ಹಿಡಿದು ಕೆಡವುವ ಕಟುಕನೊಬ್ಬ ಬೆವರು ಸುರಿಸಿ ಸೋತು ಹೋದದ್ದನ್ನೂ, ಅವನ ಹಿಂದೆಯೇ ನಿಂತಿದ್ದ ಮುದುಕಿ ಒಂದೇ ಕೈಯಲ್ಲಿ ಎತ್ತಿದ್ದನ್ನೂ ಕಣ್ಣಾರೆ ಕಂಡವರು ನೊಗಾಲೆಸ್‌ನ ಪ್ರತಿ ಬೀದಿಯಲ್ಲೂ ಇದ್ದಾರೆ. ಕಟುಕನ ಹೆಂಡತಿಯೂ ಆ ಸಾಲಿನಲ್ಲಿ ಇದ್ದಳಂತೆ. ಆಮೇಲೆ ಮನೆಯಲ್ಲಿ ಏನಾಯಿತು ಎಂಬುದನ್ನು ಮಾತ್ರ ಕಂಡವರಿಲ್ಲ.

ಇಸೌರೊನ ಆಟದ ಬದುಕು ಶುರುವಾಯಿತು. ಮೊದಲ ಆರು ವರ್ಷ ಮೆಕ್ಸಿಕೊದ ಎರಡನೇ ದರ್ಜೆಯ ಕ್ಲಬ್ಬುಗಳಲ್ಲಿ. ಅವನು ಎದುರಾಳಿಯ ಕಾಲಿನಿಂದ ಚೆಂಡು ಕಸಿದ ದಿನ ಪತ್ರಿಕೆ "ನಮ್ಮ ಸೊನೋರಾದ ಸಿಂಹ" ಎಂದು ಬರೆಯಿತು. ಚೆಂಡು ಕಾಲ ಸಂದಿನಲ್ಲಿ ನುಸುಳಿದ ದಿನ ಅದೇ ಪತ್ರಿಕೆ, ಅದೇ ಪುಟದಲ್ಲಿ "ಅಮೆರಿಕದಲ್ಲಿ ಹುಟ್ಟಿದ ಬೊಹೋರ್ಕೆಸ್" ಎಂದಿತು. ಕ್ರೀಡಾಂಗಣದ ಬಿಸಿಲು ಕಟ್ಟೆಯಿಂದ "ಏ ಗ್ರಿಂಗೊ, ಅಮೆರಿಕದವ್ನೇ, ಬೇಲಿ ಹಾರಿ ಮನೆಗ್ ಹೋಗೋ!" ಎಂಬ ಕೂಗು ಬರುತ್ತಿತ್ತು. ಮುಂದಿನ ನಾಲ್ಕು ವರ್ಷ ಆ ಕಡೆಯ ಮರುಭೂಮಿಯ ಒಂದು ಕ್ಲಬ್ಬಿನಲ್ಲಿ. ಅಲ್ಲಿ ಗೆದ್ದಾಗ "ನಮ್ಮ ಅರಿಜೋನಾದ ಮಗ", ಹಳದಿ ಚೀಟಿ ತಿಂದಾಗ "ಮೆಕ್ಸಿಕನ್ನರ ಬಿಸಿರಕ್ತ". ಇಸೌರೊನ ರಕ್ತ ಯಾವಾಗಲೂ ಉಗುರುಬೆಚ್ಚಗೇ ಇರುತ್ತಿತ್ತು. ಅವನಷ್ಟು ಸಾಧು ಆಟಗಾರ ಆ ಎಡಬದಿಯಲ್ಲಿ ಇನ್ನೊಬ್ಬ ಆಡಿಲ್ಲ. ಆದರೆ ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಎತ್ತಿನ ಸ್ವಭಾವ ಏಕೆ ಬೇಕು?

ಇವನ ವ್ಯವಹಾರ ನೋಡುತ್ತಿದ್ದವನು ತಿರಾದೊ ಎಂಬ ಏಜೆಂಟ್, ಎರಡು ಫೋನು, ಒಂದು ಕೋಟು. "ಎರಡು ದೇಶ ಅಂದ್ರೆ ಎರಡು ಬಾಗಿಲು ಕಣಪ್ಪ! ಒಂದು ಮುಚ್ಚಿದ್ರೆ ಇನ್ನೊಂದು!" ಎನ್ನುತ್ತಿದ್ದ.

"ಎರಡೂ ಬಾಗಿಲ ನಡುವೆ ನಿಂತ್ರೆ ಶೀತ ಆಗುತ್ತೆ ಅಂತಾನೆ ತಾತ," ಎಂದ ಇಸೌರೊ.

ಒಮ್ಮೆ ಮೆಕ್ಸಿಕೊ ತಂಡದ ಅಭ್ಯಾಸಕ್ಕೆ ಕರೆ ಬಂತು. ಬೀದಿಯವರು ಪಟಾಕಿ ಹೊಡೆದರು. ತಾತ ನಡೆಯುವುದಕ್ಕೆಂದು ಹೊಸ ಬೂಟು ಕೊಂಡ. ಅಲ್ಲಿ ಇಸೌರೊ ಹತ್ತು ದಿನ ಮುಖ್ಯ ಆಟಗಾರರ ಎದುರು ನಿಂತು ಅವರಿಗೆ ತನ್ನನ್ನು ದಾಟಿ ಹೋಗುವ ಅಭ್ಯಾಸ ಮಾಡಿಸಿ, ತಾನೊಬ್ಬನೇ ಕಣ್ಣು ಮುಚ್ಚಿಕೊಂಡಿರುವ ಒಂದು ಗುಂಪು ಫೋಟೊದೊಂದಿಗೆ ವಾಪಸಾದ. ತಾತ ಬೂಟನ್ನು ಡಬ್ಬಿಯಲ್ಲೇ ಇಟ್ಟ.

ಇಪ್ಪತ್ತೇಳು ತುಂಬಿದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ಅಮೆರಿಕ ತಂಡದ ಇಬ್ಬರು ಎಡಬದಿಯವರಿಗೆ ಒಂದೇ ವಾರ ಗಾಯವಾಗಿತ್ತು. ಒಂದು ಪುಟ್ಟ ದ್ವೀಪದೇಶದ ಮೇಲೆ ಅರ್ಹತಾ ಪಂದ್ಯ. ಅಂಥ ಪಂದ್ಯದಲ್ಲಿ ಒಂದು ಕ್ಷಣ ಆಡಿದರೂ ಆಗಿನ ನಿಯಮದಂತೆ ಇನ್ನೊಂದು ದೇಶಕ್ಕೆ ಎಂದೂ ಆಡುವಂತಿಲ್ಲ. ತಾಳಿ ಕಟ್ಟಿದ ಹಾಗೆ. ಇಸೌರೊ ಹಿತ್ತಲಿಗೆ ಹೋದ. ತಾತ ಮಾಂಸಕ್ಕೆ ಉಪ್ಪು ಸವರಿ ತಂತಿಯ ಮೇಲೆ ಹರವುತ್ತಿದ್ದ.

"ಹೋಗ್ಲಾ ತಾತ?"

"ನಿಮ್ಮಮ್ಮನ್ನ ಕೇಳಿದ್ಯಾ?"

"ಅಮ್ಮ ಅಳ್ತಾ ಇದಾಳೆ, ಖುಷಿಗೆ."

ತಾತ ಎರಡು ತುಂಡು ಹರವಿದ. "ಹೋಗು. ಅಂಗಿ ಯಾವ ಬಣ್ಣ ಆದ್ರೇನು, ಮೈ ನಿಂದೇ ತಾನೇ?" ಎಂದವನು ಆಮೇಲೆ ಎರಡು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡಿದ. ಉಪ್ಪು ಕಣ್ಣಿಗೆ ಬಿದ್ದಿದೆ ಎಂದು ಲೊರೆನಾಗೆ ಹೇಳಿದನಂತೆ.

ಪಂದ್ಯದ ಎಂಬತ್ತಾರನೇ ನಿಮಿಷ. ಅಮೆರಿಕ ಐದು ಗೋಲು ಮುಂದಿತ್ತು. ದ್ವೀಪದವರಲ್ಲಿ ಒಬ್ಬ ಅಂಚೆಯಣ್ಣ, ಇಬ್ಬರು ಮೇಷ್ಟ್ರು. ಅವರಿಗೆ ಬೆಳಗಿನ ವಿಮಾನಕ್ಕೆ ಹೊತ್ತಾಗುತ್ತಿತ್ತು. ತರಬೇತುದಾರ ಬೆಂಚಿನ ಕಡೆ ತಿರುಗಿ ಬೆರಳು ತೋರಿಸಿದ. ಇಸೌರೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಓಡಿದ. ಮೂರು ನಿಮಿಷ ಚೆಂಡು ಬಲಬದಿಯಲ್ಲೇ ಇತ್ತು. ಅವನು ಎಡಬದಿಯ ಹುಲ್ಲನ್ನು ಶ್ರದ್ಧೆಯಿಂದ ಕಾಯ್ದ. ಎಂಬತ್ತೊಂಬತ್ತನೇ ನಿಮಿಷದಲ್ಲಿ ಚೆಂಡು ಗೆರೆ ದಾಟಿ ಅವನ ಬಳಿಗೆ ಉರುಳಿ ಬಂತು. ಹೊರಗಿನಿಂದ ಕೈಯಲ್ಲಿ ಎಸೆಯಬೇಕು, ಎರಡೂ ಕಾಲು ನೆಲದ ಮೇಲೇ ಇರಬೇಕು. ಹತ್ತು ವರ್ಷದಲ್ಲಿ ಅಂಥ ಎಸೆತವನ್ನು ಸಾವಿರ ಸಲ ಎಸೆದಿದ್ದ. ಚೆಂಡನ್ನು ತಲೆಯ ಹಿಂದಕ್ಕೊಯ್ದು ಎರಡು ದೇಶದ ಬಲವನ್ನೂ ಸೇರಿಸಿ ಎಸೆದ. ಹಿಂಗಾಲು ನೆಲ ಬಿಟ್ಟಿತು. ರೆಫರಿ ಸೀಟಿ ಊದಿದ. ತಪ್ಪು ಎಸೆತ. ಚೆಂಡು ಎದುರಾಳಿಗೆ.

ಅಷ್ಟರಲ್ಲಿ ಪಂದ್ಯ ಮುಗಿಯಿತು. ಕಾಲ್ಚೆಂಡಾಟದಲ್ಲಿ ದೇಶಕ್ಕಾಗಿ ಆಡಿದರೂ ಕಾಲಿಗೆ ಚೆಂಡು ತಾಗಿಸಿಕೊಳ್ಳದ ಸಾಧನೆ ಇಸೌರೊನದಾಯಿತು. ಆಮೇಲೆ ಗಾಯಗೊಂಡಿದ್ದ ಇಬ್ಬರೂ ಗುಣವಾದರು. ಮತ್ತೆ ಕರೆ ಬರಲಿಲ್ಲ. ತಿರಾದೊನ ಎರಡೂ ಫೋನುಗಳು ಸದಾ ಬೇರೆ ಕರೆಯಲ್ಲಿರತೊಡಗಿದವು.

ಟೈರ್ ಅಂಗಡಿಯಲ್ಲಿ ಪಂಚಾಯಿತಿ ನೆರೆಯಿತು. ತಾತನ ಹರಕೆ ಸಂದಿತೋ ಇಲ್ಲವೋ?

"ಆಡಿದ್ರೆ ಹರಕೆ ಅಂದಿದ್ರು. ಇವನು ಎಲ್ಲಿ ಆಡ್ದ? ಎಸೆದ. ಅದೂ ತಪ್ಪಾಗಿ," ಎಂದ ಕ್ಷೌರಿಕ.

"ದೇಶದ ಅಂಗಿ ಅಂದಿದ್ರು. ಅದು ದೇಶಾನೇನೋ ಹೌದು. ನಮ್ದಲ್ಲ," ಎಂದಳು ಪಕ್ಕದ ರೊಟ್ಟಿ ಅಂಗಡಿಯವಳು.

"ನಿನ್ನ ಗಂಡ ಕೆಲಸ ಮಾಡೋದು ಯಾವ ದೇಶದಲ್ಲಮ್ಮ?" ಎಂದ ರೆಫೂಹಿಯೊ, ಟೈರಿನಿಂದ ತಲೆ ಎತ್ತದೆ. ರೊಟ್ಟಿಯವಳಿಗೆ ಒಲೆಯ ಮೇಲಿನ ರೊಟ್ಟಿ ನೆನಪಾಯಿತು.

ಪಾದ್ರಿಯನ್ನು ಕೇಳಿದರು. ಪಾದ್ರಿ ಬುದ್ಧಿವಂತ. "ಮಗ್ದಲೇನಾದಲ್ಲಿ ಮಲಗಿರೋ ಮೂರ್ತಿ ಒಬ್ಬ ಫ್ರಾನ್ಸಿಸ್‌ನದು, ನೀವು ಹಬ್ಬ ಮಾಡೋದು ಇನ್ನೊಬ್ಬ ಫ್ರಾನ್ಸಿಸ್‌ನ ದಿನ. ಇನ್ನೂರು ವರ್ಷದಿಂದ ಅವನೇ ಸುಮ್ಮನಿದಾನೆ. ಅವನ ಹತ್ರ ಹೋಗಿ ಪಾಸ್‌ಪೋರ್ಟ್ ವಿಚಾರ ಎತ್ತಬೇಡಿ," ಎಂದ.

ಕೊನೆಗೆ ತಾತ ಕೆಮ್ಮಿದ. "ನಾನು ಟೀವೀಲಿ ನೋಡಿದೀನಿ. ಬಿಳೀ ಅಂಗಿ. ಕುದುರೆ ಮೇಲಿಂದ ಹಗ್ಗ ಬೀಸಿದ ಹಾಗೆ ಬೀಸ್ದ ನನ್ ಮಗ. ರೆಫರಿ ಕುರುಡ. ಅವನು ಆಡಿದಾನೆ. ಮುಗೀತು."

ಮೂಲೆಯಲ್ಲಿ ಕುಳಿತಿದ್ದ ಇಸೌರೊ ತಲೆ ಎತ್ತಿದ. ಪಂದ್ಯದಲ್ಲಿ ಅವನು ಹಾಕಿದ್ದು ಕಡುನೀಲಿ ಅಂಗಿ. ಮುದುಕನ ಕಣ್ಣು ಮಂಜಾಗಿದೆ ಎಂದುಕೊಂಡ. ಮುಂದಿನ ಆರು ವರ್ಷ ಅವನು ಬದುಕಿದ್ದು ಆ ಒಂದು ಮಾತಿನ ಮೇಲೆ. ಮಂಡಿ ಕೈಕೊಟ್ಟಿತು, ಕ್ಲಬ್ಬು ಕೈಬಿಟ್ಟಿತು, ಅಮ್ಮನ ಗೋದಾಮಿನಲ್ಲಿ ಟೊಮ್ಯಾಟೊ ಆರಿಸುವ ಕೆಲಸ ಸಿಕ್ಕಿತು. ಜನ ಅವನನ್ನು ನೋಡಿದಾಗಲೆಲ್ಲ ಒಂದು ಕಾಲೆತ್ತಿ ಎಸೆದು ತೋರಿಸುತ್ತಿದ್ದರು. ಆದರೂ ಲೋಕದಲ್ಲಿ ಒಬ್ಬ ಮನುಷ್ಯ ಆ ನಾಲ್ಕು ನಿಮಿಷವನ್ನು ನೋಡಿ ಆಟ ಎಂದಿದ್ದ. ಇಸೌರೊಗೆ ಅಷ್ಟು ಸಾಕಾಗಿತ್ತು.

ಒಂದೇ ಒಂದು ಮುಳ್ಳು. ತಾತ ನಡೆಯಲು ಹೊರಡಲೇ ಇಲ್ಲ. ಒಂದು ವರ್ಷ ಬಿಸಿಲು ಹೆಚ್ಚು, ಇನ್ನೊಂದು ವರ್ಷ ನಾಯಿಗೆ ಹುಷಾರಿಲ್ಲ, ಮತ್ತೊಂದು ವರ್ಷ ಬೂಟು ಕಚ್ಚುತ್ತದೆ. ಎಂಬತ್ತೆರಡನೇ ವಯಸ್ಸಿನ ಸೆಪ್ಟೆಂಬರಿನಲ್ಲಿ ತಾನೇ ಬಂದು ಹೇಳಿದ: "ಈ ಸಲ ಹೋಗಿಬಿಡೋಣ ಕಣೋ. ಬರೋ ವರ್ಷದ ಭರವಸೆ ಇಲ್ಲ."

ತೊಂಬತ್ತು ಕಿಲೋಮೀಟರು. ಹೆದ್ದಾರಿಯ ಅಂಚಿನಲ್ಲಿ ಐದು ದಿನ ನಡೆದರು, ಒಬ್ಬ ಎಂಬತ್ತೆರಡರ ಗಟ್ಟಿ ಮಂಡಿಯವನು, ಒಬ್ಬ ಮೂವತ್ತಮೂರರ ಕುಂಟ. ದಾರಿಯುದ್ದಕ್ಕೂ ಇಸೌರೊನ ತಲೆಯಲ್ಲಿ ಒಂದೇ ಯೋಚನೆ. ತಾತನ ಕೈಗೆ ತಲೆ ಎದ್ದರೆ ತಾನು ಆಡಿದ್ದು ಹೌದು. ಏಳದಿದ್ದರೆ ಕ್ಷೌರಿಕ ಹೇಳಿದ್ದೇ ಸರಿ.

ಗುಡಿಯಲ್ಲಿ ಉದ್ದದ ಸಾಲು. ಮುಂದಿದ್ದ ಬಸುರಿ ಎತ್ತಿದಳು, ಎದ್ದಿತು. ಟ್ರಕ್ ಡ್ರೈವರ್ ಎತ್ತಿದ, ಎದ್ದಿತು, ಅವನಿಗೇ ಆಶ್ಚರ್ಯವಾದಂತಿತ್ತು. ತಾತ ಟೋಪಿ ತೆಗೆದು, ಕತ್ತಿನ ಕೆಳಗೆ ಎರಡೂ ಕೈ ಕೊಟ್ಟ. ನರಗಳು ಉಬ್ಬಿದವು. ತಲೆ ಮಿಸುಕಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಹಿಂದಿನಿಂದ ಯಾರೋ "ಪಾಪ, ಏನೋ ಬಾಕಿ ಇಟ್ಕೊಂಡಿದಾನೆ" ಎಂದದ್ದು ಇಡೀ ಸಾಲಿಗೆ ಕೇಳಿಸಿತು.

ಸಂತನೂ ಸೀಟಿ ಊದಿಬಿಟ್ಟ ಎನಿಸಿತು ಇಸೌರೊಗೆ. ತಾತನ ತೋಳು ಹಿಡಿದು ಹೊರಗೆ ಕರೆತಂದು ಚೌಕದ ಬೆಂಚಿನ ಮೇಲೆ ಕೂರಿಸಿದ.

"ಬಿಡು ತಾತ. ನಂದು ಆಟ ಅಲ್ಲ ಅಂತ ಎಲ್ರಿಗೂ ಗೊತ್ತಿತ್ತು. ಈಗ ಅವನಿಗೂ ಗೊತ್ತಾಯ್ತು."

"ಬಾಯ್ಮುಚ್ಚು. ನಿನ್ನದಲ್ಲ ತಪ್ಪು." ತಾತ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕುಳಿತ. "ನಾನು ನೋಡ್ಲಿಲ್ಲ ಕಣೋ."

"ಏನನ್ನ?"

"ಪಂದ್ಯಾನ. ನೀನು ಬೆಂಚಿಂದ ಎದ್ದ ಕೂಡ್ಲೆ ನಾನು ಹಿತ್ತಲಿಗೆ ಹೋದೆ. ನಾಯಿ ಮೈ ತಿಕ್ತಾ ನಿಂತಿದ್ದೆ. ನಿಮ್ಮಮ್ಮ ಮುಗೀತು ಅಂತ ಕೂಗಿದ ಮೇಲೆ ಒಳಗೆ ಬಂದೆ."

ಇಸೌರೊ ಮೊದಲು ನಕ್ಕ. ಆಮೇಲೆ ಅವನ ಮುಖ ಕೆಂಪಾಯಿತು. "ಆರು ವರ್ಷ! ಆರು ವರ್ಷ ಅದೊಂದು ಮಾತಿನ ಮೇಲೆ ತಲೆ ಎತ್ಕೊಂಡು ಓಡಾಡಿದೆ ನಾನು! ಅಷ್ಟು ನಾಚಿಕೆ ಆಯ್ತಾ ನಿಂಗೆ?"

"ನಾಚಿಕೆ ಅಲ್ಲ. ಹೊಟ್ಟೆಕಿಚ್ಚು," ಎಂದ ತಾತ. "ಹಿತ್ತಲಲ್ಲಿ ನಿನ್ನ ಆಡಿಸಿದೋನು ನಾನು. ಅಂಗಿ ತೊಡಿಸಿದೋರು ಅವ್ರು. ನೋಡಕ್ಕಾಗ್ಲಿಲ್ಲ. ಸುಳ್ಳು ಹೇಳ್ದೆ."

ಎರಡೂ ದೇಶಗಳ ಪತ್ರಿಕೆಗಳು, ಏಜೆಂಟರು, ಬಿಸಿಲು ಕಟ್ಟೆಯ ಬಾಯಿಗಳು ಹತ್ತು ವರ್ಷದಲ್ಲಿ ಇಸೌರೊಗೆ ಹೇಳದಿದ್ದ ಒಂದು ನಿಜವನ್ನು ಮುದುಕ ಹೇಳಿದ್ದ. ಮೊಮ್ಮಗ ತನಗೆ ಬೇಕಾಗಿದ್ದ ಎಂದು. ಇಸೌರೊಗೆ ಸಿಟ್ಟು ಇಳಿಯಲಿಲ್ಲ, ಆದರೆ ಅಳುವೂ ಬಂತು. ಎದ್ದು ಹೋಗಿ ಹಣ್ಣಿನ ತಳ್ಳುಗಾಡಿಯಿಂದ ದಪ್ಪನೆಯ ಒಂದು ಕಲ್ಲಂಗಡಿ ತಂದ.

"ನೋಡು. ಸರಿಯಾಗ್ ನೋಡು. ಇದು ಗೆರೆ. ಎಂಬತ್ತೊಂಬತ್ತನೇ ನಿಮಿಷ. ಕಡುನೀಲಿ ಅಂಗಿ. ಬಿಳೀದಲ್ಲ."

ಹಣ್ಣನ್ನು ತಲೆಯ ಹಿಂದಕ್ಕೊಯ್ದ. ಚೌಕದಲ್ಲಿದ್ದವರು ದಾರಿ ಬಿಟ್ಟರು. ಎಸೆದ. ಕಲ್ಲಂಗಡಿ ಹಾರಿ ಹೋಗಿ ಬ್ಯಾಂಡಿನವನ ದೊಡ್ಡ ಡ್ರಮ್ಮಿಗೆ ಬಡಿದು ಹೋಳಾಯಿತು.

"ಕಾಲೆತ್ತಿದೆ!" ತಾತ ಬೆಂಚಿನಿಂದ ಎದ್ದೇ ಬಿಟ್ಟಿದ್ದ. "ಹಿಂಗಾಲು ಎತ್ತಿದೆ ಕಣೋ ದಡ್ಡ! ತಪ್ಪು ಎಸೆತ!"

"ಹೌದು ತಾತ. ಥೇಟ್ ಹಂಗೇ ಆಗಿದ್ದು."

ತಾತ ಕಣ್ಣೊರೆಸಿಕೊಂಡ. ಬ್ಯಾಂಡಿನವನು ಬೈಯುತ್ತ ಬರುತ್ತಿದ್ದ. ಅವನ ಜೊತೆ ಜಗಳಕ್ಕೆ ಮೊಮ್ಮಗನನ್ನು ಬಿಟ್ಟು, ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ.

ಒಂದೂವರೆ ಗಂಟೆಯ ಮೇಲೆ ಅವನ ಸರದಿ ಬಂತು. ಇಸೌರೊ ಪಕ್ಕದಲ್ಲಿ ನಿಂತಿದ್ದ, ಅಂಗಿಯ ಮೇಲೆಲ್ಲ ಬ್ಯಾಂಡಿನವನು ಮೆತ್ತಿದ ಕಲ್ಲಂಗಡಿ. ತಾತ ಕತ್ತಿನ ಕೆಳಗೆ ಕೈ ಕೊಟ್ಟ. ಸಂತನ ತಲೆ ದಿಂಬಿನಿಂದ ನಾಲ್ಕು ಬೆರಳಿನಷ್ಟು ಎದ್ದಿತು, ಅಷ್ಟೇ.

ಹಿಂದಿದ್ದವಳು "ಇನ್ನೂ ಎತ್ತಿ ತಾತ, ಇನ್ನೂ ಏಳುತ್ತೆ" ಎಂದಳು.

"ಬೇಡಮ್ಮ," ಎಂದ ತಾತ, ತಲೆಯನ್ನು ಮೆಲ್ಲಗೆ ಇಳಿಸುತ್ತ. "ನಾಲ್ಕೇ ನಿಮಿಷ ಆಡಿದ್ದು. ಲೆಕ್ಕ ಸರಿಯಾಯ್ತು."