ಪೆರುಮಾಳರ ಭಾನುವಾರದ ಟೊಮೆಟೊ

ಭಾನುವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಉರಿಗಾಂನ ಪೆರುಮಾಳ್, ಚಿನ್ನದ ಗಣಿಯ ಇಂಗ್ಲಿಷ್ ದೊರೆಯ ಬಂಗಲೆಯ ಮಾಜಿ ಬಟ್ಲರ್, ಟೊಮೆಟೊಗಳ ತಿರುಳು ತೆಗೆದು ಖೀಮಾ ತುಂಬುತ್ತಿರುತ್ತಾರೆ. ದೊರೆ ಸೀಮೆಗೆ ಮರಳಿ ಆರು ವರ್ಷವಾದರೂ ಬಗ್ಗಿ ಬಗ್ಗಿ ರೂಢಿಯಾದ ಇವರ ಸೊಂಟಕ್ಕೆ ಆ ಸುದ್ದಿ ತಲುಪಿಲ್ಲ. ಬಿಸ್ಕತ್ತಿನ ಡಬ್ಬಿಯೇ ಓವನ್. ಮೇಲೂ ಕೆಳಗೂ ಕೆಂಡ. ಬೆಂದದ್ದನ್ನು, ನೆಲದ ಮೇಲೆ ಮುದ್ದೆಯ ಮುಂದೆ ಕೂತ ಹೆಂಡತಿ ಪಾಪಕ್ಕನಿಗೆ ಬಂಗಲೆಯ ರಿವಾಜಿನಂತೆ ಎಡಗಡೆಯಿಂದಲೇ ಬಗ್ಗಿ ಬಡಿಸುತ್ತಾರೆ. ಎಡಕ್ಕೆ ಗೋಡೆ ಅಡ್ಡ ಬಂದರೆ ಹೆಂಡತಿಯನ್ನೇ ಜರುಗಿಸುತ್ತಾರೆ. ಆಮೇಲೆ ತೋಳಿನ ಮೇಲೆ ಟವೆಲ್ ಹಾಕಿಕೊಂಡು ಹಿಂದೆ ನಿಲ್ಲುತ್ತಾರೆ. “ನೀನೂ ಕೂತ್ಕೊಂಡು ತಿನ್ನಯ್ಯ, ಒಬ್ಳೇ ತಿಂದ್ರೆ ಗಂಟ್ಲಲ್ಲಿ ಇಳಿಯಲ್ಲ,” ಎಂದು ಪಾಪಕ್ಕ ಪ್ರತಿ ವಾರವೂ ಬೇಡುತ್ತಾಳೆ. “ಬಡಿಸೋನು ಕೂರಂಗಿಲ್ಲ ಕಣೇ.” “ಬಂಗ್ಲೆನಾಗೆ ಅಷ್ಟು ವರ್ಷ ಬೇಯಿಸ್ದಲ್ಲ, ನೀನೆಷ್ಟು ತಿಂದೆ?” ಎಂದು ಅವಳು ಒಮ್ಮೆ ಕೇಳಿದಳು. ಪೆರುಮಾಳ್ ಟವೆಲ್ ಮಡಿಸುತ್ತಾ ಹೇಳಿದರು: “ದೊರಸಾನಿ ತಟ್ಟೇಲಿ ಬಿಟ್ಟಿದ್ದು, ಅರ್ಧ ಟೊಮೆಟೊ.”